ಬೇವು-ಬೆಲ್ಲಕ್ಕೆ ಕಣ್ಣೇಕೆ?

ಫಾಲ್ಗುಣ ಮುಗಿದು ಚೈತ್ರ ಕಾಲಿಡುವ ಹೊತ್ತಿಗೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ನೆಲ ಕಾದ ಹೆಂಚಿನಂತಾಗಿರುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿಗೆ ಇವು ಸೇರಿದವು. ಶೇಂಗಾ ಕಿತ್ತ ಹೊಲಗಳು ಬರಿದಾಗಿ ಬಿದ್ದಿರುತ್ತವೆ. ಕಣ್ಣು ತಣಿಸುವ ಹಸಿರನ್ನು ಹುಡುಕಬೇಕಾಗುತ್ತದೆ. ಆದರೂ ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ವಸಂತ ಬಂದಿತೆಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಬೇವಿನ ಮರದ ಕೆಳಗೆ ಹಾದರೆ ಹೂವಿನ ಕಂಪು ಮೂಗಿಗೆ ಬಡಿಯುತ್ತದೆ. ಹೊಂಗೆಯ ಮರಕ್ಕೆ ಮುತ್ತಿದ ಜೇನ್ನೊಣಗಳ ಮೊರೆತ ದಾರಿಗೆ ಕೇಳಿಸುತ್ತದೆ. ಎಲ್ಲಿಯೋ ಕುಳಿತ ಕೋಗಿಲೆ ಕಾಣಿಸದೆಯೇ ಕೂಗುತ್ತದೆ. ಬಯಲುಸೀಮೆಯ ವಸಂತ ಕಣ್ಣಿಗಿಂತ ಮೊದಲು ಮೂಗಿಗೂ ಕಿವಿಗೂ ಬರುವಂಥದು.

ಈ ಮಾತನ್ನು ನೆನಪಿಸುವುದಕ್ಕೆ ಕಾರಣವುಂಟು. ಯುಗಾದಿ ಬಂದಾಗಲೆಲ್ಲ ನಾವು ಹಬ್ಬದ ಸಡಗರವನ್ನು ‘ನೋಡುವ’ ಮಾತಿನಲ್ಲಿಯೇ ವರ್ಣಿಸುತ್ತೇವೆ. ಹಸಿರು ತೋರಣ, ಬಣ್ಣದ ರಂಗವಲ್ಲಿ, ಹೊಸ ಬಟ್ಟೆ, ಬಿದಿಗೆಯ ಚಂದ್ರ ಎಂದು ಎಣಿಸುತ್ತೇವೆ. ಹಾಗೆ ಎಣಿಸುವಾಗ ಕಣ್ಣಿಲ್ಲದ ಮಗುವಿಗೆ ಈ ಹಬ್ಬದಲ್ಲಿ ಪಾಲೇನು ಎಂಬ ಪ್ರಶ್ನೆ ನಮ್ಮ ಮನಸ್ಸಿಗೆ ಬರುವುದಿಲ್ಲ. ಬಂದರೂ, “ಪಾಪ, ಅದಕ್ಕೇನು ತಿಳಿದೀತು” ಎಂಬ ಮರುಕದಲ್ಲಿ ಮುಗಿದುಹೋಗುತ್ತದೆ. ಈ ತಿಂಗಳು ಆ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ವಿಚಾರಿಸೋಣ.

ಯುಗಾದಿಯ ಆಚರಣೆಗಳನ್ನು ಒಂದೊಂದಾಗಿ ತೆಗೆದುಕೊಳ್ಳಿರಿ. ಬೆಳಗಿನ ಮೊದಲ ಕೆಲಸ ಅಭ್ಯಂಜನ. ನೆತ್ತಿಗೆ ಹರಳೆಣ್ಣೆ ತಟ್ಟಿ, ಬೇವಿನೆಲೆ ಹಾಕಿ ಕಾಯಿಸಿದ ನೀರನ್ನು ಹೊಯ್ದುಕೊಳ್ಳುವ ಸುಖ ಮೈಗೆ ಸೇರಿದ್ದು. ಆಮೇಲೆ ಪೂಜೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಳ್ಳುವ ಮನೆಗಳಲ್ಲಿ ವಿಭೂತಿಯ ನಯವೂ ಪತ್ರೆಯ ತಂಪೂ ಲಿಂಗದ ಭಾರವೂ ಅಂಗೈಗೇ ತಿಳಿಯುತ್ತವೆ. ಬಳಿಕ ಬೇವು-ಬೆಲ್ಲ. ಬೇವಿನ ಹೂವು, ಬೆಲ್ಲ, ಹುರಿಗಡಲೆ, ಕೊಬ್ಬರಿ ಕೂಡಿದ ಆ ಚಿಟಿಕೆಯಲ್ಲಿ ವರ್ಷದ ಕಹಿಯೂ ಸಿಹಿಯೂ ಅಡಗಿವೆಯೆಂದು ಹಿರಿಯರು ಹೇಳುವುದು ನಾಲಗೆಯನ್ನು ನಂಬಿ. ಮಧ್ಯಾಹ್ನದ ಹೋಳಿಗೆಯ ಮಾತನ್ನಂತೂ ಹೇಳಬೇಕಾದುದೇ ಇಲ್ಲ. ಹೂರಣ ಕುದಿಯುವ ವಾಸನೆ ಮೂರು ಮನೆಗಳಾಚೆಗೆ ಮುಟ್ಟಿರುತ್ತದೆ. ಸಂಜೆ ಗುಡಿಯ ಮುಂದೆ ನಡೆಯುವುದು ಪಂಚಾಂಗ ಶ್ರವಣ. ಈ ವರ್ಷ ಮಳೆ ಎಷ್ಟು ಕೊಳಗ, ಬೆಳೆ ಹೇಗೆ ಎಂದು ಓದಿ ಹೇಳುವ ಆ ಫಲವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಆ ವಿಧಿಯ ಹೆಸರಿನಲ್ಲಿಯೇ ಕೇಳುವಿಕೆ ಇದೆ. ಹೀಗೆ ಬೆಳಗಿನಿಂದ ಸಂಜೆಯವರೆಗೆ ಲೆಕ್ಕ ಹಾಕಿದರೆ, ಯುಗಾದಿಯ ಮುಕ್ಕಾಲು ಪಾಲು ಚರ್ಮ, ಮೂಗು, ನಾಲಗೆ, ಕಿವಿಗಳದು. ಕಣ್ಣಿಗೆ ಸೇರಿದ್ದು ಕಾಲು ಪಾಲು ಮಾತ್ರ.

ಅಂಧ ಮಕ್ಕಳ ವಸತಿ ಶಾಲೆಗಳಲ್ಲಿ ಹಬ್ಬವನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಯುಗಾದಿ ಬರುವುದು ಶಾಲಾ ವರ್ಷದ ಕೊನೆಗೆ, ಪರೀಕ್ಷೆಗಳ ಸುಮಾರಿಗೆ. ಊರು ದೂರವಿರುವ ಮಕ್ಕಳೂ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವವರೂ ಎಷ್ಟೋ ಸಲ ಹಬ್ಬಕ್ಕೆ ಶಾಲೆಯಲ್ಲಿಯೇ ಉಳಿಯಬೇಕಾಗುತ್ತದೆ. ಆಗ ಹಬ್ಬವನ್ನು ಮಾಡುವ ಹೊಣೆ ಮಕ್ಕಳ ಮೇಲೆಯೇ ಬೀಳುತ್ತದೆ. ಅಂಥಲ್ಲಿ ಕೆಲಸಗಳು ಹಂಚಿಕೆಯಾಗುವ ರೀತಿ ಗಮನಿಸತಕ್ಕದ್ದು. ಬೇವಿನ ಗೊಂಚಲಿನಿಂದ ಹೂವನ್ನು ಬಿಡಿಸಿ ಕಡ್ಡಿಯನ್ನು ಬೇರ್ಪಡಿಸುವ ಕೆಲಸಕ್ಕೆ ಬೆರಳಿನ ಚುರುಕು ಬೇಕು. ಅದರಲ್ಲಿ ಪೂರ್ಣ ಅಂಧ ಮಗು ಯಾರಿಗೂ ಕಡಿಮೆಯಲ್ಲ. ಮಾವಿನೆಲೆಯ ತೊಟ್ಟು ಯಾವ ಕಡೆ, ತುದಿ ಯಾವ ಕಡೆ ಎಂಬುದನ್ನು ಎಲೆಯ ನಡುನರವೇ ಬೆರಳಿಗೆ ಹೇಳಿಕೊಡುತ್ತದೆ. ದಾರವನ್ನು ಮೊಳದಿಂದ ಅಳೆದು, ಗೇಣಿಗೊಂದರಂತೆ ಎಲೆ ಸೇರಿಸಿದರೆ ತೋರಣ ನೇರವಾಗಿಯೇ ಬರುತ್ತದೆ. ಸ್ವಲ್ಪ ದೃಷ್ಟಿ ಉಳಿದಿರುವ ಮಕ್ಕಳು ಅದನ್ನು ಬಾಗಿಲಿಗೆ ಕಟ್ಟುತ್ತಾರೆ. ದೊಡ್ಡವರು ಚಿಕ್ಕವರ ತಲೆಗೆ ಎಣ್ಣೆ ತಿಕ್ಕುತ್ತಾರೆ. ಬೆಲ್ಲ ಕುಟ್ಟುವವರಿಗೆ ಅದರ ಚೂರನ್ನು ಬಾಯಿಗೆ ಹಾಕಿಕೊಳ್ಳುವ ಹಕ್ಕು ಎಲ್ಲ ಮನೆಗಳಲ್ಲಿರುವಂತೆ ಅಲ್ಲಿಯೂ ಇರುತ್ತದೆ.

ಹೊಸ ಬಟ್ಟೆಯ ವಿಷಯದಲ್ಲಿ ಮಕ್ಕಳೆಲ್ಲ ಒಂದೇ. ಹುಟ್ಟಿನಿಂದ ಬೆಳಕನ್ನೇ ಅರಿಯದ ಹುಡುಗನೂ ಅಂಗಿಯನ್ನು ಕೈಗೆ ಕೊಟ್ಟೊಡನೆ ಬಟ್ಟೆಯನ್ನು ಸವರಿ, ಗುಂಡಿಗಳನ್ನು ಎಣಿಸಿ, ಹೊಸ ನೂಲಿನ ವಾಸನೆ ನೋಡಿ, “ಬಣ್ಣ ಯಾವುದು?” ಎಂದು ಕೇಳುತ್ತಾನೆ. ನೀಲಿ ಎಂದು ಹೇಳಿದರೆ ಆ ದಿನವೆಲ್ಲ ಗೆಳೆಯರಿಗೆ ‘ನನ್ನದು ನೀಲಿ’ ಎಂದು ಹೇಳಿಕೊಂಡು ತಿರುಗುತ್ತಾನೆ. ಬಣ್ಣವನ್ನು ಕಾಣದವನಿಗೆ ಬಣ್ಣದ ಹೆಸರೇಕೆ ಎಂದು ನಾವು ಭಾವಿಸಬಾರದು. ಎಲ್ಲರ ಬಾಯಲ್ಲಿರುವ ಮಾತು ತನ್ನ ಬಾಯಲ್ಲಿಯೂ ಇರಬೇಕೆಂಬ ಆಸೆ ಅದು. ಆದುದರಿಂದ ಅಂಥ ಮಗುವಿಗೆ ಬಟ್ಟೆ ಕೊಡುವಾಗ ಬಣ್ಣವನ್ನು ಹೇಳದೆ ಕೊಡಬೇಡಿರಿ.

ಚಂದ್ರದರ್ಶನ ಹೇಗೆ ಎಂದು ನೀವು ಕೇಳಬಹುದು. ಪಾಡ್ಯದ ಮರುದಿನ ಸಂಜೆ ಪಡುವಣದಲ್ಲಿ ಕೂದಲೆಳೆಯಂತೆ ಮೂಡುವ ಆ ಚಂದ್ರ ಕಣ್ಣಿದ್ದವರೆಲ್ಲರಿಗೂ ಕಾಣುತ್ತಾನೆಯೇ? ಕಣ್ಣಿಗೆ ಪೊರೆ ಬಂದ ಅಜ್ಜಿ ಮೊಮ್ಮಗನ ತೋರುಬೆರಳನ್ನು ನಂಬಿ, “ಕಂಡೆನಪ್ಪಾ, ಕಂಡೆ” ಎಂದು ಕೈಮುಗಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಆಕೆಯ ಹಬ್ಬಕ್ಕೆ ಅದರಿಂದ ಕೊರತೆಯಾಗಿಲ್ಲ. ಚಂದ್ರನನ್ನು ಕಂಡ ಬಳಿಕ ಕಿರಿಯರು ಹಿರಿಯರ ಪಾದ ಮುಟ್ಟುತ್ತಾರೆ, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಆ ಸಂಜೆಯ ಸಾರವಿರುವುದು ಆ ಎರಡು ಸ್ಪರ್ಶಗಳಲ್ಲಿ. ಕಣ್ಣಿಲ್ಲದ ಮಗುವನ್ನು ಪಡುವಣಕ್ಕೆ ಮುಖ ಮಾಡಿ ನಿಲ್ಲಿಸಿ, ಚಂದ್ರ ಯಾವ ಮರದ ಮೇಲಿದ್ದಾನೆ, ಎಷ್ಟು ಬಾಗಿದ್ದಾನೆ ಎಂದು ಅದರ ಅಂಗೈ ಮೇಲೆ ಬೆರಳಿನಿಂದ ಗೆರೆಯೆಳೆದು ತೋರಿಸಿದರೆ, ಅಜ್ಜಿಗಿಂತ ಆ ಮಗುವಿಗೇ ಚಂದ್ರನ ಆಕಾರ ಚೆನ್ನಾಗಿ ತಿಳಿದೀತು.

ಯುಗಾದಿಗೆ ಹದಿನೈದು ದಿನ ಮುಂಚೆ ಬರುವ ಕಾಮನ ಹಬ್ಬದ ಬಗೆಗೂ ಒಂದು ಮಾತು. ಬಣ್ಣದ ಹಬ್ಬದಲ್ಲಿ ಅಂಧ ಮಕ್ಕಳಿಗೇನು ಕೆಲಸ ಎನ್ನುವವರು ಬಾಗಲಕೋಟೆಯ ಹೋಳಿಯ ಹಲಗೆಯ ಸದ್ದನ್ನು ಒಮ್ಮೆ ನೆನೆಯಬೇಕು. ಅಲ್ಲಿ ಬಣ್ಣದಷ್ಟೇ ಹಲಗೆಗೂ ಹೆಸರು. ಮೈಮೇಲೆ ಬೀಳುವ ತಣ್ಣನೆಯ ಓಕುಳಿ, ಕೆನ್ನೆಗೆ ಬಳಿದ ಪುಡಿಯ ನಯ, ಓಡುವವರ ಕೇಕೆ ಇವೆಲ್ಲ ಕಣ್ಣಿಲ್ಲದವರಿಗೂ ದಕ್ಕುತ್ತವೆ. ಅರಿಸಿನ, ಮುತ್ತುಗದ ಹೂವು ಇವುಗಳ ಬಣ್ಣಕ್ಕೆ ತಮ್ಮದೇ ವಾಸನೆಯೂ ಇದೆ. ಪೇಟೆಯ ರಾಸಾಯನಿಕ ಪುಡಿಗಳಿಂದ ಮಾತ್ರ ಎಲ್ಲ ಮಕ್ಕಳನ್ನೂ ದೂರವಿಡಬೇಕು. ಕೆಲವು ಪುಡಿಗಳು ಕಣ್ಣಿನ ಕರಿಯಾಲಿಯ ಮೇಲಿನ ಪಾರದರ್ಶಕ ಪೊರೆಯನ್ನು ಸುಡುತ್ತವೆ. ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರನ್ನು ಬಹಳ ಹೊತ್ತು ಹರಿಸಿ ತೊಳೆದು ವೈದ್ಯರಿಗೆ ತೋರಿಸತಕ್ಕದ್ದು. ಹಬ್ಬವೊಂದು ಯಾವ ಮಗುವಿನ ಕಣ್ಣನ್ನೂ ತೆಗೆದುಕೊಳ್ಳಬಾರದು.

ಬೆರಳಿನಿಂದ ತಿಳಿಯುವ ವಿಚಾರ ಬಂದುದರಿಂದ ಮತ್ತೆ ಜಟಿಂಗ ರಾಮೇಶ್ವರಕ್ಕೆ ಹೋಗೋಣ. ಸುಮಾರು 3,400 ಅಡಿ ಎತ್ತರದ ಈ ಬೆಟ್ಟದಲ್ಲಿ, ಸೀತೆಯನ್ನು ಒಯ್ಯುತ್ತಿದ್ದ ರಾವಣನನ್ನು ಜಟಾಯು ಅಡ್ಡಗಟ್ಟಿತೆಂದು ಸ್ಥಳಪುರಾಣ ಹೇಳುತ್ತದೆ. ಇತಿಹಾಸವನ್ನು ಓದುವವರಿಗೆ ಈ ಬೆಟ್ಟ ಇನ್ನೊಂದು ಕಾರಣಕ್ಕೆ ದೊಡ್ಡದು. 1892 ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯೂ ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ತಂದೆ ತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಆ ಶಾಸನಗಳ ಬೋಧೆಯ ತಿರುಳು. ಜಟಿಂಗ ರಾಮೇಶ್ವರದ ಶಾಸನವಿರುವ ಬಂಡೆಗೆ ‘ಬಳೆಗಾರ ಗುಂಡು’ ಎಂದು ಹೆಸರು. ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲಿ ಅಂಗಡಿ ಹೂಡುತ್ತಿದ್ದರಂತೆ. ಅಲ್ಲಿಯ ಅಕ್ಷರಗಳು ಬಹಳ ಸವೆದುಹೋಗಿವೆ. ಇಂಥ ಶಾಸನವನ್ನು ಓದಬೇಕಾದಾಗ ತಜ್ಞರು ಬರಿಗಣ್ಣನ್ನು ನೆಚ್ಚುವುದಿಲ್ಲ. ಒದ್ದೆ ಕಾಗದವನ್ನು ಬಂಡೆಯ ಮೇಲೆ ಹಾಸಿ, ಕುಂಚದಿಂದ ತಟ್ಟಿ, ಕಲ್ಲಿನ ತಗ್ಗು ದಿನ್ನೆಗಳನ್ನು ಕಾಗದಕ್ಕೆ ಇಳಿಸಿ, ಮಸಿಯೊತ್ತಿ ಅಚ್ಚು ತೆಗೆಯುತ್ತಾರೆ. ಕಣ್ಣು ಸೋತಲ್ಲಿ ಸ್ಪರ್ಶದ ನೆರವು ಪಡೆಯುವ ಉಪಾಯವದು.

ಅಂಧರ ಲಿಪಿಯ ತತ್ವವೂ ಇದೇ. ಮೂರು ವರ್ಷದ ಮಗುವಾಗಿದ್ದಾಗ ತಂದೆಯ ಚರ್ಮದ ಕೆಲಸದ ಕೊಟ್ಟಣಿಗೆಯಲ್ಲಿ ದಬ್ಬಳ ಚುಚ್ಚಿ ದೃಷ್ಟಿ ಕಳೆದುಕೊಳ್ಳತೊಡಗಿದ ಫ್ರಾನ್ಸಿನ ಲೂಯಿ ಬ್ರೈಲ್, ಹದಿನೈದರ ಹರೆಯದಲ್ಲಿಯೇ, 1824 ರ ವೇಳೆಗೆ, ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿದನು. ದಪ್ಪ ಕಾಗದದ ಮೇಲೆ ಉಬ್ಬಿದ ಆರು ಚುಕ್ಕಿಗಳನ್ನು ಬಗೆಬಗೆಯಾಗಿ ಜೋಡಿಸಿದರೆ 63 ಗುರುತುಗಳು ಸಿಗುತ್ತವೆ. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಕ್ರಮದ ‘ಭಾರತಿ ಬ್ರೈಲ್’ ನಿಶ್ಚಿತವಾದದ್ದು 1951 ರಲ್ಲಿ. ಕನ್ನಡದ ಮಗು ‘ಅ’ದಿಂದ ‘ಳ’ದವರೆಗೆ ಕಲಿಯುವುದು ಆ ಕ್ರಮದಲ್ಲಿಯೇ. ನಮ್ಮ ನಾಡಿನಲ್ಲಿ ಅಂಧ ಮಕ್ಕಳ ಶಿಕ್ಷಣಕ್ಕೆ ಶತಮಾನ ಮೀರಿದ ಚರಿತ್ರೆಯಿದೆ. ಮೈಸೂರಿನಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆ ಆರಂಭವಾದದ್ದು 1901 ರಲ್ಲಿ. ಹೆಣ್ಣುಮಕ್ಕಳು ಅಂಗಳದಲ್ಲಿ ಚುಕ್ಕಿಯಿಟ್ಟು ರಂಗವಲ್ಲಿ ಬಿಡಿಸುವ ಈ ನಾಡಿನಲ್ಲಿ ಚುಕ್ಕಿಯ ಲಿಪಿ ಪರಕೀಯವೆನಿಸಬೇಕಾದ ಕಾರಣವೇ ಇಲ್ಲ.

ಕಣ್ಣಿಲ್ಲದ ಮಗುವಿಗೆ ಕೆಲಸವನ್ನೂ ವಿದ್ಯೆಯನ್ನೂ ಕೊಟ್ಟರೆ ಅದು ಎಲ್ಲಿಯವರೆಗೆ ಬೆಳೆಯಬಲ್ಲುದು ಎಂಬುದಕ್ಕೆ ನಮ್ಮ ಸಮಾಜದಲ್ಲಿಯೇ ದೊಡ್ಡ ನಿದರ್ಶನವಿದೆ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892 ರಲ್ಲಿ ಹುಟ್ಟಿದ ಗದಿಗೆಯ್ಯನೂ ಅವನ ಅಣ್ಣ ಗುರುಬಸಯ್ಯನೂ ಅಂಧರು. ಹಾನಗಲ್ ಕುಮಾರಸ್ವಾಮಿಗಳವರು ಈ ಬಾಲಕರ ಕಂಠವನ್ನು ಕೇಳಿ, ಸಂಗೀತ ವಿದ್ಯೆಗೆ ಹಚ್ಚಿದರು. ಅಂದು ಒಂದು ಹೊತ್ತಿನ ಊಟ ಕೊಟ್ಟು, ತಲೆ ಸವರಿ ಕಳುಹಿಸಿದ್ದರೆ ಅದೂ ದಯೆಯೆನಿಸಿಕೊಳ್ಳುತ್ತಿತ್ತು. ಆದರೆ ಗದಿಗೆಯ್ಯನು ಪಂಚಾಕ್ಷರ ಗವಾಯಿಗಳಾಗುತ್ತಿರಲಿಲ್ಲ. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳನ್ನು ಕಲಿತ ಅವರು ಊರಿಂದೂರಿಗೆ ಸಂಚರಿಸುವ ಸಂಗೀತ ಪಾಠಶಾಲೆಯನ್ನು ನಡೆಸಿ, ಕಡೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ನೆಲೆಗೊಳಿಸಿ, 1944 ರಲ್ಲಿ ಲಿಂಗೈಕ್ಯರಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಸಹ ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡವರು. ಹಲವು ವಾದ್ಯಗಳನ್ನು ಬಲ್ಲವರಾಗಿ, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿ, ಆಶ್ರಮವನ್ನು ಅರ್ಧ ಶತಮಾನಕ್ಕೂ ಮೀರಿ ನಡೆಸಿದ ಅವರಿಗೆ 2010 ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಅಲ್ಲಿ ಕಲಿತ ಅಂಧ ಮಕ್ಕಳು ನಾಡಿನ ಉದ್ದಗಲಕ್ಕೂ ಗಾಯಕರಾಗಿ, ಸಂಗೀತ ಶಿಕ್ಷಕರಾಗಿ ಸ್ವಂತ ದುಡಿಮೆಯ ಮೇಲೆ ನಿಂತಿದ್ದಾರೆ.

ವಸಂತವನ್ನು ಸಂಗೀತಗಾರರು ಹೇಗೆ ಬರಮಾಡಿಕೊಳ್ಳುತ್ತಾರೆಂಬುದೂ ಇಲ್ಲಿ ಸ್ಮರಣೀಯ. ಹಿಂದೂಸ್ತಾನಿಯಲ್ಲಿ ಬಸಂತ್, ಬಹಾರ್ ಎಂಬ ರಾಗಗಳು ಈ ಋತುವಿಗೇ ಮೀಸಲು. ಧಮಾರ್ ಗೀತೆಗಳಲ್ಲಿ ಬರುವುದು ಹೆಚ್ಚಾಗಿ ಹೋಳಿಯ ವರ್ಣನೆಯೇ. ಆ ರಾಗವನ್ನು ಕಲಿತು ಹಾಡುವ ಅಂಧ ವಿದ್ಯಾರ್ಥಿ ಕೇಳುವವರಿಗೆ ವಸಂತವನ್ನು ತಂದುಕೊಡುತ್ತಾನೆ. ಹಬ್ಬದಲ್ಲಿ ಪಾಲು ಬೇಡುವವನಾಗಿರದೆ, ಹಬ್ಬವನ್ನು ಹಂಚುವವನಾಗುತ್ತಾನೆ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಗಳ ಕಡೆಗೆ ನೋಡಬೇಕಾಗುತ್ತದೆ. ಪರೀಕ್ಷೆ ಮುಗಿದು ಬೇಸಿಗೆಯ ರಜೆಗೆ ಮಗು ಊರಿಗೆ ಬರುತ್ತದೆ. ಶಾಲೆಯಲ್ಲಿ ತಾನೇ ನೀರು ತೋಡಿಕೊಂಡು ಸ್ನಾನ ಮಾಡಿ, ತನ್ನ ಬಟ್ಟೆಯನ್ನು ತಾನೇ ಒಗೆದು, ತೋರಣ ಕಟ್ಟುತ್ತಿದ್ದ ಹುಡುಗಿಯನ್ನು ಮನೆಯಲ್ಲಿ ಪಡಸಾಲೆಯ ಮೂಲೆಗೆ ಕೂರಿಸುತ್ತೇವೆ. “ನೀನು ಏಳಬೇಡ ತಾಯಿ, ಎಡವೀಯೆ” ಎನ್ನುತ್ತೇವೆ. ತಟ್ಟೆಯನ್ನು ಮುಂದಿಡುತ್ತೇವೆ, ಕೆಲವೊಮ್ಮೆ ತುತ್ತನ್ನೂ ನಾವೇ ಕಲಸಿಕೊಡುತ್ತೇವೆ. ಇದೆಲ್ಲವೂ ಪ್ರೀತಿಯೇ. ಆದರೆ ಹತ್ತು ತಿಂಗಳು ಶಾಲೆ ಕಟ್ಟಿದ ಧೈರ್ಯವನ್ನು ಎರಡು ತಿಂಗಳ ಈ ಪ್ರೀತಿ ಕರಗಿಸಿಬಿಡುತ್ತದೆ. ರಜೆ ಮುಗಿದು ಹಿಂದಿರುಗಿದ ಮಗು ಮತ್ತೆ ಗೋಡೆ ತಡವರಿಸಿ ನಡೆಯತೊಡಗಿದರೆ, ಶಿಕ್ಷಕರು ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಇದಕ್ಕಿಂತ ಕಠಿಣವಾದ ಸಂಗತಿಯೂ ಉಂಟು. ಮಂಗಳಕಾರ್ಯದ ಹೊತ್ತಿನಲ್ಲಿ ಕುರುಡು ಮಗು ಎದುರಾಗಬಾರದೆಂದು ಒಳಮನೆಗೆ ಕಳುಹಿಸುವವರು ಇನ್ನೂ ಇದ್ದಾರೆ. ವರ್ಷದ ಮೊದಲ ದಿನ ಒಂದು ಮಗುವಿಗೆ ‘ನೀನು ಅಪಶಕುನ’ ಎಂದು ತಿಳಿಸಿದರೆ, ಉಳಿದ ವರ್ಷವೆಲ್ಲ ಅದಕ್ಕೆ ಬೇವನ್ನೇ ತಿನ್ನಿಸಿದಂತೆ. ಹಿಂದಿನ ಜನ್ಮದ ಪಾಪವೆಂಬ ಮಾತೂ ಅಷ್ಟೇ ಕ್ರೂರ. ಮಕ್ಕಳ ಅಂಧತ್ವಕ್ಕೆ ಕಾರಣಗಳು ಈ ಜನ್ಮದಲ್ಲಿಯೇ ಇವೆ. ಎ ಜೀವಸತ್ವದ ಕೊರತೆ, ಬಸುರಿಯಲ್ಲಿ ತಾಯಿಗೆ ತಗಲುವ ರುಬೆಲ್ಲಾ ಸೋಂಕು, ಹುಟ್ಟಿನೊಡನೆಯೇ ಬರುವ ಕಣ್ಣಿನ ಪೊರೆ, ಸೋದರಮಾವ-ಸೊಸೆಯಂಥ ಹತ್ತಿರದ ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚಾಗಿ ತಲೆದೋರುವ ಅನುವಂಶಿಕ ರೋಗಗಳು ಇವುಗಳಲ್ಲಿ ಮುಖ್ಯವಾದವು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಜಾತ್ರೆಗೆ ಫಾಲ್ಗುಣದಲ್ಲಿ ಮಗುವನ್ನು ಹೊತ್ತೊಯ್ದು ಕೊಬ್ಬರಿ ಸುಟ್ಟು ಬರುವ ತಾಯಿಯ ಭಕ್ತಿಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಹರಕೆಯ ಜೊತೆಗೆ ಕಣ್ಣಿನ ವೈದ್ಯರ ಪರೀಕ್ಷೆಯೂ ನಡೆಯಬೇಕು. ಪಾಪೆಯಲ್ಲಿ ಬಿಳುಪು ಕಂಡರೆ, ಮೂರು ನಾಲ್ಕು ತಿಂಗಳಾದರೂ ಕೂಸು ತಾಯಿಯ ಮುಖದ ಕಡೆ ದೃಷ್ಟಿ ಹರಿಸದಿದ್ದರೆ, ಒಂದು ವಾರವನ್ನೂ ಕಳೆಯಬಾರದು. ಹುಟ್ಟುಪೊರೆಯನ್ನು ಬೇಗ ತೆಗೆದರೆ ದೃಷ್ಟಿ ಬೆಳೆಯುತ್ತದೆ. ತಡವಾದರೆ ಶಸ್ತ್ರಕ್ರಿಯೆಯಾದರೂ ನೋಟ ಪೂರ್ಣವಾಗಿ ಬಾರದು. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡುವ ಎ ಜೀವಸತ್ವದ ದ್ರವವನ್ನು ತಪ್ಪಿಸಬಾರದು. ನುಗ್ಗೆಸೊಪ್ಪು, ಪರಂಗಿ ಹಣ್ಣು ನಮ್ಮ ಹಿತ್ತಲಿನವೇ.

ದೃಷ್ಟಿ ಮರಳದೆಂದು ವೈದ್ಯರು ಹೇಳಿದ ದಿನವೇ ಶಾಲೆಯ ವಿಚಾರ ಮಾಡಬೇಕು. 2016 ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ 6 ರಿಂದ 18 ವರ್ಷದ ಮಕ್ಕಳಿಗೆ, ಹತ್ತಿರದ ಶಾಲೆಯಲ್ಲಾಗಲಿ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ, ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಮಗುವನ್ನು ದೂರದ ಶಾಲೆಗೆ ಬಿಡುವುದು ತಾಯಿಯ ಕರುಳಿಗೆ ಕಷ್ಟವೇ. ಆದರೆ ಮೂಲೆಯಲ್ಲಿ ಬೆಳೆದ ಮಗು, ತಂದೆತಾಯಿಗಳು ಇಲ್ಲವಾದ ಮೇಲೆ ಯಾರ ಪಡಸಾಲೆಯಲ್ಲಿ ಕೂತೀತು ಎಂಬುದನ್ನು ಆ ತಾಯಿಯೇ ಆಲೋಚಿಸಬೇಕು.

ಈ ಯುಗಾದಿಗೆ ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಅಂಥ ಮಗುವಿದ್ದರೆ ಹೀಗೆ ಮಾಡಿ ನೋಡಿರಿ. ಹಬ್ಬದ ಹಿಂದಿನ ದಿನವೇ ಅದಕ್ಕೊಂದು ಕೆಲಸವನ್ನು ಗೊತ್ತುಮಾಡಿರಿ: ಹೂವು ಬಿಡಿಸುವುದು, ಬೇಳೆ ಆರಿಸುವುದು, ಹೂರಣದ ಉಂಡೆ ಕಟ್ಟುವುದು, ಬಂದವರಿಗೆ ಬೇವು-ಬೆಲ್ಲ ಹಂಚುವುದು, ಯಾವುದಾದರೂ ಸರಿ. ಆ ಕೆಲಸವನ್ನು ಅದು ಮುಗಿಸುವವರೆಗೆ ನೀವು ಕೈಹಾಕಬೇಡಿರಿ. ಸ್ವಲ್ಪ ಚೆಲ್ಲಿದರೆ ಚೆಲ್ಲಲಿ. ರಂಗವಲ್ಲಿಯ ಬದಲು ಅಕ್ಕಿ, ಕಡಲೆ, ಹೆಸರುಕಾಳುಗಳಿಂದ ಒಂದು ಚಿತ್ತಾರವನ್ನು ಬಾಗಿಲ ಬಳಿ ಬಿಡಿಸಲು ಕೊಟ್ಟರೆ ಬೆರಳಿಗೆ ತಿಳಿಯುವ ಹಸೆ ಸಿದ್ಧವಾಗುತ್ತದೆ. ಹಬ್ಬದ ದಿನ ಪೀಠೋಪಕರಣಗಳನ್ನು, ನೀರಿನ ಕೊಡಗಳನ್ನು ಅತ್ತಿತ್ತ ಸರಿಸಿದ್ದರೆ ಮಗುವಿಗೆ ಮೊದಲೇ ತಿಳಿಸಿರಿ. ಅದರ ಮುಂದೆಯೇ ಅದರ ಬಗ್ಗೆ ಬೇರೆಯವರೊಡನೆ ಮಾತನಾಡಬೇಡಿರಿ. ಕೇಳಬೇಕಾದುದನ್ನು ಅದನ್ನೇ ಕೇಳಿರಿ. ಕಾಯಕವೆಂದರೆ ದೊಡ್ಡ ದೊಡ್ಡ ಉದ್ಯೋಗವೇ ಆಗಬೇಕಿಲ್ಲ. ಮನೆಯ ಹಬ್ಬದಲ್ಲಿ ತನ್ನ ಕೈಯಿಂದಾದ ಒಂದು ಕೆಲಸವಿತ್ತು ಎಂಬ ಅರಿವು ಎಂಟು ವರ್ಷದ ಮಗುವಿಗೆ ಸಾಕಷ್ಟು ದೊಡ್ಡ ಕಾಯಕ.

ಮಧ್ಯಾಹ್ನದ ಪಂಕ್ತಿಯಲ್ಲಿ ಎಲ್ಲರೂ ಕುಳಿತಾಗ, “ಇವತ್ತಿನ ಹೂರಣದ ಉಂಡೆ ಕಟ್ಟಿದ್ದು ಇವಳೇ” ಎಂದು ಮನೆಯ ಹಿರಿಯರು ಒಂದು ಮಾತು ಹೇಳಲಿ. ಹೊಗಳಿಕೆಗಾಗಿ ಹೇಳುವುದು ಬೇಡ, ನಿಜವೆಂದು ಹೇಳಿದರೆ ಸಾಕು. ಚೈತ್ರದ ಈ ಹೊಸ ವರ್ಷ ನಿಮ್ಮೆಲ್ಲರ ಮನೆಗಳಿಗೂ ಒಳಿತನ್ನು ತರಲಿ.